ಹಳೆಯ ಚೀಲದಿಂದ ಒಂದು ಪುಟ್ಟ ಲೆಕ್ಕದ ಪುಸ್ತಕ

ಅಟ್ಟದ ಮೇಲೋ ಕಪಾಟಿನ ಅಡಿಯಲ್ಲೋ ಒಂದು ಹಳೆಯ ಚರ್ಮದ ಚೀಲ ಇಲ್ಲದ ಮನೆ ಕಡಿಮೆ. ಅದರ ಹಿಡಿ ಕಿತ್ತು ಹೋಗಿರುತ್ತದೆ, ಜಿಪ್ ಕೆಟ್ಟಿರುತ್ತದೆ. ಆದರೂ ಗಲ್ಫಿನಿಂದ ಯಾರೋ ಪ್ರೀತಿಯಿಂದ ತಂದು ಕೊಟ್ಟದ್ದು, ತೀರಿಹೋದ ಹಿರಿಯರು ಬಳಸಿದ್ದು ಎಂಬ ಕಾರಣಕ್ಕೆ ಎಸೆಯಲು ಮನಸ್ಸು ಬರುವುದಿಲ್ಲ. ಇಟ್ಟುಕೊಂಡರೆ ಪ್ರತಿ ಮಳೆಗಾಲದಲ್ಲೂ ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದಿದ್ದರೆ ಈ ಬಾರಿ ಕೆಳಗಿಳಿಸಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಚರ್ಮದ ಹೊದಿಕೆಯ ಪುಸ್ತಕವೊಂದನ್ನು ಅದರಿಂದ ನೀವೇ ಮಾಡಿಕೊಳ್ಳಬಹುದು.

ಪೇಟೆಯಲ್ಲಿ ಅಗ್ಗದ ಪಾಕೆಟ್ ಡೈರಿ ಸಿಗುವಾಗ ಇಷ್ಟೆಲ್ಲ ಶ್ರಮ ಯಾಕೆ ಎಂದು ನೀವು ಕೇಳಬಹುದು. ಮೊಬೈಲ್ ಇರುವಾಗ ಪುಸ್ತಕವೇ ಯಾಕೆ ಎಂದು ನಿಮ್ಮ ಮಕ್ಕಳಂತೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳಿಬಿಡುತ್ತೇನೆ.

ನನ್ನ ತಂದೆಗೆ ಒಂದು ಸಣ್ಣ ಅಂಗಡಿಯಿತ್ತು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನೆಲ್ಲ ಅವರು ಅಂಗಿಯ ಜೇಬಿನಲ್ಲಿಡುವ ಡೈರಿಯಲ್ಲಿ ಬರೆಯುತ್ತಿದ್ದರು. 2011ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೃತರ ಸಾಲ ತೀರಿಸದೆ ಆಸ್ತಿ ಹಂಚಿಕೊಳ್ಳುವಂತಿಲ್ಲವಲ್ಲ. ನನ್ನ ಅಣ್ಣ ಆ ಡೈರಿ ಹಿಡಿದುಕೊಂಡು ಒಬ್ಬೊಬ್ಬರ ಮನೆಗೂ ಹೋದ. ಎಲ್ಲ ಲೆಕ್ಕವೂ ಸರಿಯಾಯಿತು, ಒಂದನ್ನು ಬಿಟ್ಟು. ಡೈರಿಗೆ ಹೊಡೆದಿದ್ದ ಪಿನ್ನು ತುಕ್ಕು ಹಿಡಿದು ಮುರಿದಿತ್ತು. ನಡುವಿನ ಒಂದು ಹಾಳೆ ಎಲ್ಲೋ ಉದುರಿ ಹೋಗಿತ್ತು. ಮುಂದಿನ ಹಾಳೆಯ ತಲೆಯಲ್ಲಿ, ಕೊಡಬೇಕಾದ ಹಿಂದಿನ ಬಾಕಿ 3,500 ಎಂದಷ್ಟೇ ಇತ್ತು. ಯಾರಿಗೆ ಎಂಬುದು ಉದುರಿದ ಹಾಳೆಯಲ್ಲಿತ್ತು.

ನಾವು ವಿಚಾರಿಸದ ಜನರಿಲ್ಲ. ಯಾರೂ ತಮ್ಮದೆಂದು ಹೇಳಲಿಲ್ಲ. ಕೊನೆಗೆ ಆ ಅಜ್ಞಾತ ವ್ಯಕ್ತಿಯ ಪರವಾಗಿ ಅಷ್ಟು ಹಣವನ್ನು ಬಡವರಿಗೆ ಕೊಟ್ಟೆವು. ಆದರೂ ಉಮ್ಮನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪರಿಚಯವಿಲ್ಲದವರು ಯಾರಾದರೂ ಗೇಟು ತೆರೆದು ಒಳಬಂದರೆ ಇವರೇ ಇರಬಹುದೇ ಎಂಬ ಪ್ರಶ್ನೆ ಬಹಳ ಕಾಲ ಅವರ ಕಣ್ಣಲ್ಲಿರುತ್ತಿತ್ತು.

ಕುರ್‌ಆನಿನ ಅತಿ ದೀರ್ಘ ವಚನ ಯಾವುದೆಂದು ಕೇಳಿದರೆ ನಮಾಝ್ ಅಥವಾ ಉಪವಾಸದ ಕುರಿತಾದದ್ದು ಇರಬೇಕೆಂದು ಹಲವರು ಭಾವಿಸುತ್ತಾರೆ. ಅಲ್ಲ, ಅದು ಸೂರಃ ಅಲ್‌ಬಕರಃದ 282ನೇ ವಚನ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬಾರದೆಂಬ ತಿಳುವಳಿಕೆಯೂ ಅದರಲ್ಲಿದೆ. ನನ್ನ ತಂದೆ ಬರೆದಿದ್ದರು. ಹಾಳೆ ನಿಲ್ಲಲಿಲ್ಲ, ಅಷ್ಟೆ. ಇನ್ನು ಮೊಬೈಲಿನ ಮಾತು. ಅದರ ಬೀಗ ತೆರೆಯುವ ಬೆರಳು ಮಣ್ಣಿಗೆ ಸೇರಿದ ಮೇಲೆ ಒಳಗಿನ ಲೆಕ್ಕವನ್ನು ಯಾರು ನೋಡಬಲ್ಲರು?

ಪಿನ್ನು ಹೊಡೆದ ಪುಸ್ತಕ ನಮ್ಮ ಕರಾವಳಿಯ ಉಪ್ಪುಗಾಳಿಗೆ ಹೆಚ್ಚು ಕಾಲ ಬಾಳುವುದಿಲ್ಲ. ದಾರದಲ್ಲಿ ಹೊಲಿದದ್ದು ಬಾಳುತ್ತದೆ. ಹಳೆಯ ಬೈಂಡಿಂಗ್ ಕೆಲಸಗಾರರು ಹಾಳೆಗಳನ್ನು ಮಡಚಿ ಕಟ್ಟು ಕಟ್ಟಾಗಿ ಹೊಲಿಯುವುದನ್ನು ಜುಝ್‌ಬಂದಿ ಎನ್ನುತ್ತಾರೆ. ಕುರ್‌ಆನಿನ ಮೂವತ್ತು ಜುಝ್‌ಗಳ ಹೆಸರಿನಲ್ಲಿರುವ ಪದವೇ ಅದು. ಭಾಗ ಎಂದು ಅರ್ಥ. ಉರ್ದು ಮಾತನಾಡುವ ಮನೆಗಳಲ್ಲಿ ಪುಸ್ತಕದ ಹೊದಿಕೆಗೆ ಜಿಲ್ದ್ ಎನ್ನುತ್ತಾರಲ್ಲ, ಅರಬಿಯಲ್ಲಿ ಆ ಪದಕ್ಕೆ ಚರ್ಮ ಎಂದೇ ಅರ್ಥ. ಪುಸ್ತಕಕ್ಕೂ ಚರ್ಮಕ್ಕೂ ಅಷ್ಟು ಹಳೆಯ ನಂಟು.

ರದ್ದಿಯಿಂದ ಪುಸ್ತಕ ಕಟ್ಟುವುದೂ ಹೊಸದಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಎಂಬ ಊರಿನ ಬಳಿ ಮಣ್ಣಿನ ಹೂಜಿಯೊಂದರಲ್ಲಿ ಚರ್ಮದ ಹೊದಿಕೆಯ ಪುಸ್ತಕಗಳು ಸಿಕ್ಕವು. ಸುಮಾರು 1600 ವರ್ಷಗಳಷ್ಟು ಹಳೆಯವು. ಹೊದಿಕೆ ಗಟ್ಟಿಯಾಗಿರಲೆಂದು ಚರ್ಮದ ಒಳಗೆ ಬೇಡವಾದ ಪಪೈರಸ್ ಚೂರುಗಳನ್ನು, ಅಂದರೆ ಯಾರದೋ ಪತ್ರ, ಯಾರದೋ ಲೆಕ್ಕಪತ್ರಗಳನ್ನು, ಪದರ ಪದರವಾಗಿ ಅಂಟಿಸಿದ್ದರು. ಆ ರದ್ದಿಯಲ್ಲಿದ್ದ ತಾರೀಕುಗಳೇ ಪುಸ್ತಕಗಳ ಕಾಲವನ್ನು ತಿಳಿಯಲು ವಿದ್ವಾಂಸರಿಗೆ ನೆರವಾದವು.

ಚರ್ಮವನ್ನು ಆರಿಸುವುದು

ಮೊದಲು ನಿಮ್ಮ ಚೀಲ ನಿಜವಾಗಿಯೂ ಚರ್ಮದ್ದೇ ಎಂದು ನೋಡಿ. ಒಳಗಿನ ಹೊಲಿಗೆ ಬಿಚ್ಚಿ ಹಿಂಬದಿಯನ್ನು ಬೆರಳಿನಿಂದ ಸವರಿ. ಚರ್ಮವಾದರೆ ನವಿರಾದ ನಾರುಗಳಿರುತ್ತವೆ. ರೆಕ್ಸಿನ್ ಆದರೆ ಬಟ್ಟೆಯ ನೇಯ್ಗೆ ಕಾಣುತ್ತದೆ. ರೆಕ್ಸಿನ್ ಕೆಲವು ಮಳೆಗಾಲ ಕಳೆದರೆ ಸಿಪ್ಪೆ ಸುಲಿದಂತೆ ಉದುರುವುದರಿಂದ ಈ ಕೆಲಸಕ್ಕೆ ಬೇಡ. ಚರ್ಮವೇ ಆಗಿದ್ದು, ಮುಟ್ಟಿದಾಗ ಕೆಂಪು ಪುಡಿ ಕೈಗೆ ಹತ್ತಿದರೆ ಅದೂ ಬೇಡ. ಆ ಚರ್ಮದ ಆಯುಷ್ಯ ಮುಗಿದಿದೆ.

ನಮ್ಮ ಮನೆಗಳಲ್ಲಿ ಮತ್ತೊಂದು ಸಂಶಯ ಬರುತ್ತದೆ. ವಿದೇಶಿ ಚೀಲ ಮತ್ತು ಶೂಗಳ ಒಳಪದರಕ್ಕೆ ಹಂದಿಯ ಚರ್ಮ ಬಳಸುವುದುಂಟು. ಅದನ್ನು ಗುರುತಿಸಲು ಭೂತಗನ್ನಡಿಯಲ್ಲಿ ಮೇಲ್ಮೈಯನ್ನು ನೋಡಿ. ರೋಮದ ರಂಧ್ರಗಳು ಮೂರು ಮೂರರ ಗುಂಪಾಗಿ, ಪುಟ್ಟ ತ್ರಿಕೋನಗಳಂತೆ ಕಂಡರೆ ಅದನ್ನು ಬದಿಗಿಡಿ. ಆಡು ಮತ್ತು ದನದ ಚರ್ಮದಲ್ಲಿ ರಂಧ್ರಗಳು ಹಾಗೆ ತ್ರಿಕೋನವಾಗಿ ಕೂತಿರುವುದಿಲ್ಲ. ಗಂಡಸರ ಹಳೆಯ ಪರ್ಸುಗಳ ತೆಳ್ಳಗಿನ ಆಡಿನ ಚರ್ಮ ನಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಈಗಲೇ ಎಣ್ಣೆ ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ.

ಹಾಳೆಗೆ ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ಶಾಲೆ ಮುಗಿಯುವ ಮಾರ್ಚ್-ಏಪ್ರಿಲಿನಲ್ಲಿ ಪ್ರತಿ ಪುಸ್ತಕದ ಕೊನೆಯಲ್ಲೂ ಬರೆಯದ ಹಾಳೆಗಳು ಉಳಿದಿರುತ್ತವೆ. ಎ4 ಅಳತೆಯ ಹಾಳೆಯಾದರೆ ಮೂರೇ ಮೂರು ಸಾಕು. ಒಂದೊಂದನ್ನೂ ಎಂಟು ಸಮ ತುಂಡುಗಳಾಗಿ ಕತ್ತರಿಸಿದರೆ 10.5 ಸೆಂಟಿಮೀಟರ್ ಉದ್ದ, 7.4 ಸೆಂಟಿಮೀಟರ್ ಅಗಲದ 24 ತುಂಡುಗಳಾಗುತ್ತವೆ. ಒಂದೊಂದನ್ನೂ ನಡುವಿಗೆ ಮಡಚಿದರೆ ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು ದೊಡ್ಡ ಪುಟ. ನಾಲ್ಕು ತುಂಡುಗಳನ್ನು ಒಂದರೊಳಗೊಂದು ಸೇರಿಸಿದರೆ ಒಂದು ಜುಝ್. ಹೀಗೆ ಆರು ಜುಝ್, ಒಟ್ಟು 96 ಪುಟ. ಮಡಿಕೆಯನ್ನು ಸ್ಟೀಲ್ ಚಮಚದ ಹಿಂಬದಿಯಿಂದ ಚೆನ್ನಾಗಿ ತಿಕ್ಕಿ.

ರಟ್ಟಿಗೆ ಮದುವೆ ಕಾಗದಗಳಿವೆಯಲ್ಲ! ಅವುಗಳಷ್ಟು ಒಳ್ಳೆಯ ಕಾಗದ ನಮ್ಮ ಮನೆಗೆ ಬೇರೆ ದಾರಿಯಲ್ಲಿ ಬರುವುದೇ ಇಲ್ಲ. ಎರಡು ಪದರ ಅಂಟಿಸಿ, ಭಾರದ ಕೆಳಗೆ ಒಣಗಿಸಿದರೆ ಗಟ್ಟಿ ರಟ್ಟಾಗುತ್ತದೆ. ಅದರ ಲಕೋಟೆಯ ಚಿತ್ತಾರದ ಭಾಗ ಪುಸ್ತಕದ ಒಳಮೈಗೆ ಅಂಟಿಸಲು ಚೆಂದ. ಆದರೆ ಬಿಸ್ಮಿಲ್ಲಾಹ್ ಅಥವಾ ಕುರ್‌ಆನ್ ವಚನ ಮುದ್ರಿಸಿದ ಭಾಗವನ್ನು ಮೊದಲೇ ಕತ್ತರಿಸಿ ಗೌರವದಿಂದ ತೆಗೆದಿಡಿ.

ಹೊಲಿಗೆ

ಹೊಲಿಯುವುದೇ ಈ ಕೆಲಸದ ಜೀವ. ಬಟ್ಟೆಗೆ ಗುಂಡಿ ಹಾಕಬಲ್ಲವರು ಯಾರೂ ಇದನ್ನು ಮಾಡಬಹುದು. ಚಪ್ಪಲಿ ಹೊಲಿಯುವವರ ಬಳಿ ಸಿಗುವ ದಾರದಲ್ಲಿ ತೆಳುವಾದುದನ್ನು ತನ್ನಿ. ಇಲ್ಲವಾದರೆ ದರ್ಜಿಯ ದಾರವನ್ನು ಎರಡೆಳೆ ಮಾಡಿಕೊಳ್ಳಿ. ಸುಮಾರು 70 ಸೆಂಟಿಮೀಟರ್ ಬೇಕು. ಮೇಣದಬತ್ತಿಯ ಮೇಲೆ ಎರಡು ಬಾರಿ ಎಳೆದರೆ ಗಂಟು ಬೀಳುವುದಿಲ್ಲ. ಪ್ರತಿ ಜುಝ್‌ನ ಮಡಿಕೆಯಲ್ಲಿ ದಬ್ಬಣದಿಂದ ನಾಲ್ಕು ತೂತು ಮಾಡಿ. ತುದಿಯಿಂದ ಒಂದೊಂದು ಸೆಂಟಿಮೀಟರ್ ಬಿಟ್ಟು ಎರಡು, ಅವುಗಳ ನಡುವೆ ಸಮ ಅಂತರದಲ್ಲಿ ಎರಡು. ಆರೂ ಜುಝ್‌ಗಳಲ್ಲಿ ತೂತುಗಳು ಒಂದೇ ಸಾಲಿಗೆ ಬರಬೇಕಾದ್ದರಿಂದ ಒಂದು ರಟ್ಟಿನ ಚೂರಿಗೆ ಗುರುತು ಹಾಕಿಕೊಂಡು ಅದನ್ನೇ ಎಲ್ಲದಕ್ಕೂ ಇಟ್ಟು ನೋಡಿ.

ಮೊದಲ ಜುಝ್‌ಗೆ ಹೊರಗಿನಿಂದ ಒಂದನೇ ತೂತಿನಲ್ಲಿ ಸೂಜಿ ಹಾಕಿ, ಎರಡರಲ್ಲಿ ಹೊರಬಂದು, ಮೂರರಲ್ಲಿ ಒಳಹೋಗಿ, ನಾಲ್ಕರಲ್ಲಿ ಹೊರಬನ್ನಿ. ಆರಂಭದಲ್ಲಿ ಐದು ಸೆಂಟಿಮೀಟರ್ ದಾರ ಹೊರಗೆ ಬಿಟ್ಟಿರಿ. ಎರಡನೆಯದನ್ನು ಅದರ ಮೇಲಿಟ್ಟು ನಾಲ್ಕನೇ ತೂತಿನಿಂದ ಹಿಂದಕ್ಕೆ ಹೊಲಿಯುತ್ತ ಬನ್ನಿ. ನಡುವಿನ ಎರಡು ತೂತುಗಳ ನಡುವೆ ದಾರ ಹೊರಗಿರುವಾಗ, ಕೆಳಗಿನ ಜುಝ್‌ನ ದಾರದ ಅಡಿಯಿಂದ ಸೂಜಿಯನ್ನು ತೂರಿಸಿ ಮುಂದೆ ಹೋಗಿ. ಹೀಗೆ ಒಂದು ಇನ್ನೊಂದಕ್ಕೆ ಕೈ ಕೊಟ್ಟಂತಾಗುತ್ತದೆ. ಒಂದನೇ ತೂತಿನಲ್ಲಿ ಹೊರಬಂದಾಗ, ಬಿಟ್ಟಿದ್ದ ದಾರಕ್ಕೆ ಗಂಟು ಹಾಕಿ. ಮೂರನೆಯದರಿಂದ ಮುಂದೆ ಪ್ರತಿ ಸಾಲಿನ ಕೊನೆಯಲ್ಲಿ, ಕೆಳಗಿನ ಎರಡು ಜುಝ್‌ಗಳನ್ನು ಸೇರಿಸುವ ದಾರಕ್ಕೆ ಸೂಜಿ ಸಿಕ್ಕಿಸಿ ಕುಣಿಕೆ ಮಾಡಿಕೊಳ್ಳಬೇಕು. ಓದುವಾಗ ಗೊಂದಲವೆನಿಸಬಹುದು. ಎರಡು ಸಾಲು ಮುಗಿಯುವಷ್ಟರಲ್ಲಿ ಕೈಗೇ ಗೊತ್ತಾಗುತ್ತದೆ. ದಾರವನ್ನು ಎಳೆಯುವಾಗ ಮಡಿಕೆಗೆ ಸಮನಾಗಿ ಎಳೆಯಿರಿ. ಅಡ್ಡ ಎಳೆದರೆ ಹಾಳೆ ಹರಿಯುತ್ತದೆ.

ಹೊಲಿದ ಬೆನ್ನಿಗೆ ತೆಳುವಾಗಿ ಫೆವಿಕಾಲ್ ಹಚ್ಚಿ, ಹಳೆಯ ವಾಯಿಲ್ ಬಟ್ಟೆಯ ಪಟ್ಟಿಯೊಂದನ್ನು ಎರಡೂ ಬದಿಗೆ ಒಂದೂವರೆ ಸೆಂಟಿಮೀಟರ್ ಹೊರಬರುವಂತೆ ಅಂಟಿಸಿ. ಮೈದಾ ಅಂಟು ಅಗ್ಗ, ಆದರೆ ಕಾಗದ ತಿನ್ನುವ ಹುಳಗಳಿಗೆ ಅದು ಔತಣ. ನಮ್ಮ ಹವೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ನನ್ನ ಮೊದಲ ಪುಸ್ತಕಕ್ಕೆ ನಾನು ಅಂಟು ಧಾರಾಳವಾಗಿ ಸುರಿದೆ. ಮರುದಿನ ಮೊದಲ ಆರು ಹಾಳೆಗಳು ಒಂದೇ ಹಲಗೆಯಾಗಿದ್ದವು.

ಮುಸ್ಲಿಂ ನಾಡುಗಳ ಹಳೆಯ ಪುಸ್ತಕಗಳಲ್ಲಿ ರಟ್ಟು ಹಾಳೆಯ ಅಂಚಿಗೆ ಸರಿಸಮನಾಗಿರುತ್ತಿತ್ತು. ಹಿಂದಿನ ರಟ್ಟಿನಿಂದ ಚರ್ಮದ ಒಂದು ಮಡಿಕೆ ಮುಂದಕ್ಕೆ ಬಂದು ಹಾಳೆಗಳ ಅಂಚನ್ನು ಮುಚ್ಚುತ್ತಿತ್ತು. ಅದಕ್ಕೆ ಅರಬಿಯಲ್ಲಿ ಲಿಸಾನ್, ಅಂದರೆ ನಾಲಗೆ ಎಂದು ಹೆಸರು. ಧೂಳು ಒಳಹೋಗದಂತೆ ಮಾಡಿದ ಉಪಾಯ. ನಮ್ಮ ಪುಟ್ಟ ಪುಸ್ತಕಕ್ಕೂ ಒಂದು ನಾಲಗೆ ಇರಲಿ. ಚೀಲದ ಮುಚ್ಚಳದ ಭಾಗ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎರಡು ರಟ್ಟು, ಬೆನ್ನು, ಹಾಳೆಗಳ ದಪ್ಪ, ಮೂರು ಸೆಂಟಿಮೀಟರ್ ನಾಲಗೆ ಮತ್ತು ಸುತ್ತ ಒಂದು ಸೆಂಟಿಮೀಟರ್ ಮಡಚಲು ಸೇರಿ ಸುಮಾರು 18 ಸೆಂಟಿಮೀಟರ್ ಉದ್ದ, ಒಂಬತ್ತೂವರೆ ಸೆಂಟಿಮೀಟರ್ ಅಗಲದ ತುಂಡು ಬೇಕು. ಹಿಂಬದಿಯನ್ನು ಮರಳು ಕಾಗದದಿಂದ ಉಜ್ಜಿ ಅಂಟಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಚರ್ಮ ದಪ್ಪವಾಗಿದ್ದರೆ ಮಡಚುವ ಗೋಜಿಗೆ ಹೋಗದೆ ಅಂಚಿಗೆ ಸರಿಯಾಗಿ ಕತ್ತರಿಸಿಬಿಡಿ. ನಂತರ ಬಟ್ಟೆಯ ಪಟ್ಟಿಯನ್ನು ರಟ್ಟಿನ ಒಳಮೈಗೆ ಅಂಟಿಸಿ, ಅದರ ಮೇಲೆ ಲಕೋಟೆಯ ಕಾಗದ ಅಂಟಿಸಿ. ಒಳಗೆ ಪ್ಲಾಸ್ಟಿಕ್ ಹಾಳೆಯಿಟ್ಟು ರುಬ್ಬುಗುಂಡಿನ ಭಾರದ ಕೆಳಗೆ ಒಂದು ರಾತ್ರಿ, ಮಳೆಗಾಲವಾದರೆ ಎರಡು ರಾತ್ರಿ ಬಿಡಿ.

ಉಮ್ಮನ ಪುಸ್ತಕ

ನಾನು ಎರಡನೇ ಪುಸ್ತಕವನ್ನು ಉಮ್ಮನಿಗಾಗಿ ಮಾಡಿದೆ. ತಂದೆಯ ಕೈಚೀಲದ ಚರ್ಮದಿಂದ. ಹೊಲಿಯುವಾಗ ಜುಝ್‌ಗಳನ್ನು ಒತ್ತಿ ಹಿಡಿದುಕೊಳ್ಳಲು ಉಮ್ಮ ಎದುರು ಕುಳಿತಿದ್ದರು. ಅಷ್ಟು ಹೊತ್ತು ನಾವಿಬ್ಬರೇ ಎದುರುಬದುರು ಕುಳಿತು ಎಷ್ಟು ವರ್ಷಗಳಾಗಿತ್ತೋ. ನಾಲ್ಕನೇ ಜುಝ್ ಹೊಲಿಯುವಾಗ ಅವರು ತಮ್ಮ ಎಡಗೈಯನ್ನು ನೋಡಿಕೊಂಡು ಹೇಳಿದರು. "ಈ ಬಳೆ ನನ್ನದಲ್ಲ ಮಗಳೇ. ನಿನ್ನ ಚಿಕ್ಕಮ್ಮನದ್ದು. ನಿನ್ನ ಮದುವೆಯ ಸಮಯದಲ್ಲಿ ಇಟ್ಟುಕೋ ಅಂತ ಕೊಟ್ಟಿದ್ದಳು. ಅವಳೂ ಕೇಳಲಿಲ್ಲ, ನಾನೂ ಕೊಡಲಿಲ್ಲ."

ನಾವು ಮಕ್ಕಳೆಲ್ಲ ಆ ಬಳೆ ಉಮ್ಮನದ್ದೇ ಎಂದುಕೊಂಡಿದ್ದೆವು. ನಾಳೆ ಅದನ್ನೂ ನಮ್ಮ ನಡುವೆ ಹಂಚಿಕೊಳ್ಳುತ್ತಿದ್ದೆವು, ಯಾವ ಅಳುಕೂ ಇಲ್ಲದೆ.

ಅಂಟು ಒಣಗಿದ ದಿನ ಮೊದಲ ಪುಟದಲ್ಲಿ ಅದನ್ನೇ ಬರೆದೆವು. ಎಡಗೈಯ ಬಳೆ, ಒಂದು ಪವನ್, ತಂಗಿಯ ಅಮಾನತ್ತು. ಕೆಳಗೆ ಉಮ್ಮನ ಸಹಿ, ತಾರೀಕು.

ನಿಮ್ಮ ಪುಸ್ತಕದಲ್ಲಿ ಏನು ಬರೆಯಬೇಕೆಂದು ನಾನು ಹೇಳಬೇಕಾಗಿಲ್ಲ. ಸಂಘದ ಸಾಲದ ಕಂತು, ಚೀಟಿಯ ಹಣ, ಅಡವಿಟ್ಟ ಚಿನ್ನ, ಗಂಡನಿಗೆ ವ್ಯಾಪಾರಕ್ಕೆಂದು ಕೊಟ್ಟ ನಿಮ್ಮ ಮಹರ್‌ನ ಹಣ. ಕೊನೆಯದನ್ನು ಬರೆಯಲು ನಮ್ಮಲ್ಲಿ ಹಲವರಿಗೆ ಸಂಕೋಚವಿದೆ. ಬರೆಯಿರಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ, ನೀರು ತಾಗಿದರೂ ಶಾಯಿ ಪೆನ್ನಿನಷ್ಟು ಹರಡುವುದಿಲ್ಲ. ತೀರಿದ್ದನ್ನು ಒಂದು ಗೆರೆಯಿಂದ ಹೊಡೆದು ಹಾಕಿ, ಹಾಳೆ ಮಾತ್ರ ಹರಿಯಬೇಡಿ. ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ.

ಉಮ್ಮನ ಪುಸ್ತಕ ಅವರ ಕಪಾಟಿನಲ್ಲಿ, ನಮಾಝಿನ ಬಟ್ಟೆಯ ಕೆಳಗಿರುತ್ತದೆ. ಮೊನ್ನೆ ಹೋದಾಗ ತೆರೆದು ನೋಡಿದೆ. ಬಳೆಯ ಸಾಲಿಗೆ ಗೆರೆ ಬಿದ್ದಿತ್ತು, ಪಕ್ಕದಲ್ಲಿ ಚಿಕ್ಕಮ್ಮನ ಸಹಿಯಿತ್ತು. ಹನ್ನೊಂದು ಪುಟ ತುಂಬಿತ್ತು. ಹಾಲಿನವರದ್ದು, ಪಕ್ಕದ ಮನೆಯಿಂದ ತಂದ ಎರಡು ತೆಂಗಿನಕಾಯಿ, ಔಷಧಿ ಅಂಗಡಿಯ ಚಿಲ್ಲರೆ. ಎಲ್ಲಕ್ಕಿಂತ ಕೆಳಗೆ, ನಡುಗುವ ಅಕ್ಷರದಲ್ಲಿ ನನ್ನ ಹೆಸರೂ ಇತ್ತು. ಹೊಲಿಗೆಯ ದಾರದ ಬಾಬ್ತು, 15 ರೂಪಾಯಿ.