ಅರೆಬರೆ ಬಿಲ್ಲಿನ ಜಾತ್ರೆಗೆ ತಯಾರಿ

ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ಮಾರ್ಷಲ್ ಅಂತ ಒಂದು ಸಣ್ಣ ಊರು. ಸುತ್ತಮುತ್ತ ಮೆಕ್ಕೆಜೋಳ, ಸೋಯಾ ಬೆಳೆಯುವ ಸೀಮೆ. ಜುಲೈ ಬಂತೆಂದರೆ ಮರದ ಬಿಲ್ಲು ಮಾಡುವವರು ಅಲ್ಲಿ ಕೂಟ ಸೇರುತ್ತಾರೆ. ‘ಮೋಜ್ಯಾಮ್’ ಎಂದು ಅದರ ಹೆಸರು. ಜಾತ್ರೆ ಎಂದ ಮೇಲೆ ಮಾಡಿಟ್ಟ ಮಾಲನ್ನು ಹರಡಿಕೊಂಡು ಗಿರಾಕಿಗೆ ಕಾಯುವುದು ನಮಗೆ ಗೊತ್ತಿರುವ ಪದ್ಧತಿ. ಇಲ್ಲಿ ಹಾಗಿಲ್ಲ. ಪಳಗಿದ ಕೈಗಳು ಸಹ ಹೊತ್ತು ತರುವುದು ಹಸಿಬಿಸಿ ಕಟ್ಟಿಗೆ, ಅರ್ಧ ಕೆತ್ತಿದ ಬಿಲ್ಲು, ಎಲ್ಲಿ ಎಡವಟ್ಟಾಯಿತೆಂದು ತಿಳಿಯದೆ ಮೂಲೆಗೆ ಇಟ್ಟಿದ್ದ ಸೊಟ್ಟ ತೋಳಿನ ಸೀಳು. ಮುಗಿದ ಬಿಲ್ಲಿಗೆ ಅಲ್ಲಿ ಮೆಚ್ಚುಗೆಯಷ್ಟೇ ಸಿಗುತ್ತದೆ. ಮುಗಿಯದ ಬಿಲ್ಲಿನ ಸುತ್ತ ಜನ ಸೇರುತ್ತಾರೆ.

ಹಾಗಾಗಿ ಈ ಕೂಟದ ತಯಾರಿ ಎಂದರೆ ಹಿಂದಿನ ವಾರ ಚೀಲ ಕಟ್ಟುವ ಕೆಲಸವಲ್ಲ. ಈ ಜುಲೈಗೆ ಬೇಕಾದ ಮರ ಹಿಂದಿನ ವರ್ಷ, ಅದಕ್ಕೂ ಹಿಂದಿನ ವರ್ಷವೇ ಉರುಳಿರಬೇಕು.

ಆ ಸೀಮೆಯ ಬಿಲ್ಲುಗಾರರ ಅಚ್ಚುಮೆಚ್ಚಿನ ಮರ ಓಸೇಜ್ ಆರೆಂಜ್. ಹೆಸರಲ್ಲಿ ಕಿತ್ತಳೆ ಇದ್ದರೂ ಕಿತ್ತಳೆಗೂ ಅದಕ್ಕೂ ನಂಟಿಲ್ಲ. ನಮ್ಮ ಹಲಸು, ಅತ್ತಿ, ಆಲ, ರೇಷ್ಮೆಹುಳುವಿನ ಹಿಪ್ಪುನೇರಳೆ ಇವೆಲ್ಲ ಅದರ ಕುಲಬಾಂಧವರು. ಕಡಿದರೆ ಹಾಲು ಸುರಿಯುತ್ತದೆ, ಒಳಗೆ ಹಲಸಿನ ತಿರುಳಿನಂಥದೇ ಹಳದಿ. ಬಿಸಿಲು ಕಂಡಂತೆ ಆ ಹಳದಿ ಕಂದಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಖಾಕಿಗೆ ಬಣ್ಣ ಕೊಡಲು ಈ ಮರವನ್ನೂ ಬಳಸಿದ್ದರು. ಹಣ್ಣು ಮಾತ್ರ ನಿಷ್ಪ್ರಯೋಜಕ: ಹಸಿರು, ಸುಕ್ಕುಸುಕ್ಕು, ಮುಷ್ಟಿಗಿಂತ ದಪ್ಪ. ಅಳಿಲು ಅದನ್ನು ಸೀಳಿ ಬೀಜ ತಿನ್ನುತ್ತದೆ, ಮನುಷ್ಯರಿಗೆ ಬೇಡ.

ಈ ಮರದ ಮೂಲ ನೆಲೆ ಟೆಕ್ಸಾಸ್, ಒಕ್ಲಹೋಮ, ಅರ್ಕನ್ಸಾ ಸೇರುವಲ್ಲಿನ ರೆಡ್ ನದಿಯ ಕಣಿವೆ. ಮೂಲನಿವಾಸಿಗಳಾದ ಓಸೇಜ್ ಜನರ ಬಿಲ್ಲಿಗೆ ಇದೇ ಮರ ಆಗಬೇಕಿತ್ತು. 1804ರ ಮಾರ್ಚ್‌ನಲ್ಲಿ ಅನ್ವೇಷಕ ಮೆರಿವೆದರ್ ಲೂಯಿಸ್ ಇದರ ಕೊಂಬೆಗಳನ್ನು ಸೇಂಟ್ ಲೂಯಿಯಿಂದ ಅಧ್ಯಕ್ಷ ಜೆಫರ್ಸನ್‌ಗೆ ಕಳುಹಿಸಿದ. 1811ರಲ್ಲಿ ಮಿಸ್ಸೌರಿ ನದಿಗುಂಟ ಮೇಲಕ್ಕೆ ಹೋದ ಸಸ್ಯಶಾಸ್ತ್ರಜ್ಞ ಜಾನ್ ಬ್ರಾಡ್‌ಬರಿ, ಬಲು ದೂರದ ಅರಿಕಾರ ಜನರ ಬಳಿ ಈ ಮರದ ಬಿಲ್ಲುಗಳನ್ನು ಕಂಡ. ಬಿಲ್ಲೊಂದರ ಬೆಲೆ ಒಂದು ಕುದುರೆ, ಮೇಲೊಂದು ಕಂಬಳಿ. ಆಮೇಲೆ ವಲಸೆ ಬಂದ ರೈತರು ಮುಳ್ಳಿನ ಈ ಗಿಡವನ್ನು ಒತ್ತೊತ್ತಾಗಿ ನೆಟ್ಟು ಹೊಲಕ್ಕೆ ಬೇಲಿ ಮಾಡಿಕೊಂಡರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಜೀವಂತ ಬೇಲಿಗೆ ಬೆಲೆ ಇಳಿಯಿತು, ಮರ ಉಳಿಯಿತು. ಈಗ ಟ್ರ್ಯಾಕ್ಟರಿಗೆ ಅಡ್ಡವೆಂದು ರೈತ ಹಳೆಯ ಸಾಲನ್ನು ಕೀಳಿಸುವಾಗ ಬಿಲ್ಲುಗಾರ ಗರಗಸ ಹಿಡಿದು ಹಾಜರಾಗುತ್ತಾನೆ. ತಯಾರಿಯ ಮೊದಲ ಹೆಜ್ಜೆ, ಅಂದರೆ, ಅಂಥ ರೈತನೊಬ್ಬನ ಸ್ನೇಹ. ಉಳಿದದ್ದೆಲ್ಲ ಆಮೇಲೆ.

ಎಲ್ಲ ಮರವೂ ಬಿಲ್ಲಾಗುವುದಿಲ್ಲ. ಹತ್ತಡಿ ದಿಮ್ಮಿಯಲ್ಲಿ ಆರಡಿಯಷ್ಟು ನೆಟ್ಟಗಿರುವ, ತಿರುಚಿಕೊಳ್ಳದ, ಗಂಟು ಕಡಿಮೆ ಇರುವ ಭಾಗ ಸಿಕ್ಕರೆ ಪುಣ್ಯ. ತೊಗಟೆಯ ಗೆರೆ ಸುರುಳಿ ಸುತ್ತಿಕೊಂಡಿದ್ದರೆ ಒಳಗಿನ ಎಳೆಯೂ ಹಾಗೇ. ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ ಕಬ್ಬಿಣದ ಬೆಣೆ ಬಡಿದು ಸೀಳುವುದು ಇದಕ್ಕೇ. ಬೆಣೆ ಎಳೆಯ ಜಾಡನ್ನೇ ಹಿಡಿಯುತ್ತದೆ. ಕಡಿದ ದಿನವೇ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ದಪ್ಪಗೆ ಬಳಿಯಬೇಕು. ತುದಿಯಿಂದ ನೀರು ಬೇಗ ಆರುತ್ತದೆ, ಆರಿದ ಕಡೆ ಮರ ಬಿರಿಯುತ್ತದೆ. ಬೆಳಗಾದರೆ ಮಾಡೋಣ ಎಂದವನಿಗೆ ಬೆಳಗ್ಗೆ ಸಿಗುವುದು ಉರುವಲು. ತೊಗಟೆಯನ್ನೂ ತೆಗೆಯಬೇಕು, ಅದರಡಿ ಕೊರೆಹುಳು ಮನೆ ಮಾಡುತ್ತದೆ. ಇದರಲ್ಲಿ ಊರಿಗೆ ಉಪಕಾರವೂ ಇದೆ. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಪಚ್ಚೆಬಣ್ಣದ ಜೀರುಂಡೆಯೊಂದು ಆ ದೇಶದ ಆಶ್ ಮರಗಳನ್ನು ಕೋಟಿಗಟ್ಟಲೆ ಬಲಿ ತೆಗೆದುಕೊಂಡಿದೆ. ಅದು ಊರಿಂದೂರಿಗೆ ಹೋದದ್ದು ಜನ ಹೊತ್ತೊಯ್ದ ಸೌದೆಯ ಜೊತೆ. ತೊಗಟೆಯಿರುವ ದಿಮ್ಮಿಯೊಡನೆ ಕೂಟಕ್ಕೆ ಬರುವವರನ್ನು ಬಲ್ಲವರು ಗದರಿದರೆ ಅದು ನ್ಯಾಯವೇ.

ಮೋಜೆಲ್ಲ ಇರುವುದು ಮುಂದಿನ ಹಂತದಲ್ಲಿ. ಬಾಣ ಬಿಡುವವನ ಕಡೆಗಿರುವುದು ಬಿಲ್ಲಿನ ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ಹೆದೆ ಎಳೆದಾಗ ಹೊಟ್ಟೆ ಕುಗ್ಗುತ್ತದೆ, ಬೆನ್ನು ಹಿಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ಎಳೆ ಒಂದು ಕಡೆ ತುಂಡಾಗಿದ್ದರೂ ಅಲ್ಲೇ ಸಿಬಿರೇಳುತ್ತದೆ, ಆಮೇಲೆ ಬಿಲ್ಲೇ ಎರಡಾಗುತ್ತದೆ. ಹಾಗಾಗಿ ಬೆನ್ನೆಂಬುದು ಈ ತುದಿಯಿಂದ ಆ ತುದಿವರೆಗೆ ಮರ ಒಂದೇ ವರ್ಷದಲ್ಲಿ ಬೆಳೆದ ಒಂದೇ ಬಳೆಯಾಗಿರಬೇಕು. ಓಸೇಜಿನಲ್ಲಿ ತೊಗಟೆ ತೆಗೆದು, ಬಿಳಿ ಎಳೆಗಟ್ಟಿಗೆ ತೆಗೆದು, ಹಳದಿಗೆ ಇಳಿದು, ದಪ್ಪನೆಯ ಬಳೆಯೊಂದನ್ನು ಆರಿಸಿಕೊಂಡು ಅದರ ಮೇಲಿರುವುದನ್ನೆಲ್ಲ ಕೆರೆಯುತ್ತ ಹೋಗುತ್ತಾರೆ. ವಸಂತದಲ್ಲಿ ಬೆಳೆದ ಪದರ ಟೊಳ್ಳುಟೊಳ್ಳು, ಎರಡು ಹಿಡಿಯ ಕತ್ತಿ ಅದನ್ನು ಮುಟ್ಟಿದಾಗ ಕರಕರ ಸದ್ದು. ಬೇಸಿಗೆಯ ಪದರ ಗಟ್ಟಿ, ಅಲ್ಲಿ ಕತ್ತಿ ಸದ್ದಿಲ್ಲದೆ ಜಾರುತ್ತದೆ. ನುರಿತವರು ಕಣ್ಣಿಗಿಂತ ಕಿವಿಯನ್ನು ನಂಬುವುದು ಇಲ್ಲಿ. ಗಂಟು ಎದುರಾದರೆ ಬಳೆ ಅದರ ಸುತ್ತ ಉಬ್ಬುತ್ತದೆ. ಕತ್ತಿಯೂ ಉಬ್ಬಿ ಸುತ್ತಬೇಕು. ಅವಸರದಲ್ಲಿ ಅದನ್ನು ಸಪಾಟು ಮಾಡಿದರೆ ಎರಡು ವರ್ಷ ಒಣಗಿಸಿದ್ದು ವ್ಯರ್ಥ. ಹಿಕರಿ, ಎಲ್ಮ್, ಆಶ್ ಮರಗಳಲ್ಲಿ ಈ ಕಷ್ಟವಿಲ್ಲ. ವಸಂತದಲ್ಲಿ ಕಡಿದರೆ ತೊಗಟೆ ಬಾಳೆಪಟ್ಟೆಯಂತೆ ಸುಲಿದು ಬರುತ್ತದೆ, ಅದರಡಿಯ ಮೈಯೇ ಸಿದ್ಧ ಬೆನ್ನು. ಹೊಸಬರು ಇವುಗಳಿಂದ ತೊಡಗುವುದೇ ಒಳ್ಳೆಯದು, ಓಸೇಜಿನ ಪಕ್ಷಪಾತಿಗಳು ಏನೇ ಹೇಳಲಿ.

ಹೊರಡುವ ಮುನ್ನ ಹವೆಯ ಲೆಕ್ಕವೂ ಬೇಕು. ಬಿಲ್ಲಿಗೆ ಒಪ್ಪುವ ತೇವ ಶೇ 8ರಿಂದ 10. ಹೆಚ್ಚಾದರೆ ಮರ ಮೆತ್ತಗಾಗಿ, ಎಳೆದು ಬಿಟ್ಟ ಮೇಲೂ ಬಾಗಿಯೇ ಕೂರುತ್ತದೆ. ತೀರಾ ಕಡಿಮೆಯಾದರೆ ಫಟಾರನೆ ಮುರಿಯುತ್ತದೆ. ಅರಿಜೋನದ ಮರುಭೂಮಿಯಿಂದ ಬಂದ ಬಿಲ್ಲು ಮಿಸ್ಸೌರಿಯ ಸೆಕೆಯಲ್ಲಿ ನೀರು ಹೀರಿ ಬಿಗಿ ಕಳೆದುಕೊಳ್ಳುತ್ತದೆ; ಇಲ್ಲಿ ಸರಿಹೋದ ಬಿಲ್ಲು ಅಲ್ಲಿಗೆ ಹೋಗಿ ಒಡೆಯಬಹುದು. ಇದಕ್ಕೆ ಕಂಡುಕೊಂಡ ಉಪಾಯ ಸರಳ: ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರೇ ಒಣಗಿಸುವ ಪೆಟ್ಟಿಗೆ. ಶಿವಧನುಸ್ಸಿನ ಕಥೆ ಕೇಳಿದರೆ ಈ ಮಂದಿ ರಾಮನ ತೋಳ್ಬಲಕ್ಕಿಂತ ಮೊದಲು ಜನಕನ ಉಗ್ರಾಣದ ತೇವ ವಿಚಾರಿಸಿಯಾರು. ತಲೆಮಾರುಗಳ ಕಾಲ ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬಿಲ್ಲು ಒಣಗಿ ಗರಿಗರಿಯಾಗಿರದೆ ಏನು?

ಹತಾರಗಳ ಪಟ್ಟಿ ದೊಡ್ಡದೇನಲ್ಲ. ಕೈಗೊಡಲಿ, ಎರಡು ಹಿಡಿಯ ಕತ್ತಿ, ಒರಟು ಅರ, ತೆಳು ಉಕ್ಕಿನ ಕೆರೆಯುವ ಪಟ್ಟಿ, ಸೊಟ್ಟ ನೆಟ್ಟಗೆ ಮಾಡಲು ಬಿಸಿಗಾಳಿಯ ಗನ್, ಒಂದೆರಡು ಉದ್ದನೆಯ ಹೆದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಟಿಲ್ಲರಿಂಗ್ ಕಂಬ. ಬಿಲ್ಲಿನ ಹಿಡಿಯನ್ನು ಕಂಬದ ತುದಿಯಲ್ಲಿ ಕೂರಿಸಿ, ಹೆದೆಯನ್ನು ರಾಟೆಯ ಹಗ್ಗದಿಂದ ಕೆಳಕ್ಕೆ ಎಳೆದು, ಎರಡು ತೋಳೂ ಒಂದೇ ಸಮ ಬಾಗುತ್ತವೆಯೇ ಎಂದು ದೂರ ನಿಂತು ನೋಡುವ ವ್ಯವಸ್ಥೆ ಅದು. ಬಿರುಸಾಗಿ ಉಳಿದ ಕಡೆ ಹೊಟ್ಟೆಯನ್ನು ನಾಲ್ಕು ಸಲ ಕೆರೆ, ಮತ್ತೆ ಮೂವತ್ತು ಸಲ ಎಳೆ, ಮತ್ತೆ ನೋಡು. 28 ಅಂಗುಲ ಎಳೆತಕ್ಕೆ 66 ಅಂಗುಲದ ಬಿಲ್ಲು, 50 ಪೌಂಡ್ ಬಿಗಿ ಎಂದಿಟ್ಟುಕೊಂಡರೆ, ಅಂದರೆ ಸುಮಾರು 23 ಕಿಲೋ, ಕೆಲಸ ಮುಗಿಯುವ ತನಕ ಎಂದೂ ಆ 50ನ್ನು ದಾಟಿ ಎಳೆಯಕೂಡದು. ಪುಸ್ತಕ ಓದಿ ಕಲಿಯಲಾಗದ ವಿದ್ಯೆ ಇದು. ತನ್ನ ಬಿಲ್ಲಿನ ಓರೆ ತನಗೆ ಕಾಣುವುದಿಲ್ಲ, ಪಕ್ಕದವನಿಗೆ ಥಟ್ಟನೆ ಕಾಣುತ್ತದೆ. ಕೂಟ ಬೇಕಾಗಿರುವುದೇ ಇದಕ್ಕಾಗಿ ಎಂಬುದು ನನ್ನ ಅಭಿಪ್ರಾಯ. ಹಿಡಿ ರೂಪಿಸಿ, ತೋಳು ನೆಲಕ್ಕೊತ್ತಿದಾಗ ತುಸು ಬಾಗುವಷ್ಟು ತೆಳು ಮಾಡಿ, ಅಲ್ಲಿಗೆ ಕೈಬಿಟ್ಟ ಸೀಳನ್ನು ಕೊಂಡೊಯ್ಯುವವನೇ ಜಾಣ.

ಈ ವಿದ್ಯೆ ನಂದಿಹೋಗುವ ಹಂತಕ್ಕೆ ಬಂದಿತ್ತು. 1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್‌ನಲ್ಲಿ ಹಸಿದ ಮನುಷ್ಯನೊಬ್ಬ ಕಾಡಿನಿಂದ ಹೊರಬಂದ. ಬಿಳಿಯರ ದಾಳಿಗಳಲ್ಲಿ ನಿರ್ನಾಮವಾದ ಯಾಹಿ ಜನರ ಕೊನೆಯವನು. ಜಗತ್ತು ಅವನನ್ನು ಇಶಿ ಎಂದು ಕರೆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂನಲ್ಲಿದ್ದ ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್‌ಗೆ ಅವನು ಬಿಲ್ಲು ಮಾಡುವುದನ್ನು, ಬಾಣ ಬಿಡುವುದನ್ನು ಕಲಿಸಿದ. 1916ರಲ್ಲಿ ಕ್ಷಯದಿಂದ ಸತ್ತ. ಪೋಪ್ 1923ರಲ್ಲಿ ಬರೆದ ಪುಸ್ತಕ ಅಮೆರಿಕದಲ್ಲಿ ಬಿಲ್ಲಿನ ಹುಚ್ಚು ಹಚ್ಚಿತು. ತನ್ನ ಕುಲವನ್ನು ಅಳಿಸಿದವರ ನಡುವಿನ ಒಬ್ಬನಿಗೆ ವಿದ್ಯೆ ಧಾರೆಯೆರೆದು ಹೋದ ಇಶಿಯ ಹೆಸರನ್ನು ಇಂಥ ಕೂಟಗಳಲ್ಲಿ ಇನ್ನಷ್ಟು ನೆನೆದರೆ ಅತಿಯಾಗದು.

ಮುಂದೆ ಫೈಬರ್‌ಗ್ಲಾಸ್ ಬಂತು. 1966ರಲ್ಲಿ ಮಿಸ್ಸೌರಿಯವನೇ ಆದ ಹೋಲಿಸ್ ವಿಲ್ಬರ್ ಆಲೆನ್ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಅರ್ಜಿ ಹಾಕಿದ; ಅಪ್ಪಟ ಮರದ ಬಿಲ್ಲು ಹುಚ್ಚರ ಸೊತ್ತಾಯಿತು. ತಿರುಗಿ ಜೀವ ಬಂದದ್ದು 1992ರಲ್ಲಿ ‘ಟ್ರೆಡಿಷನಲ್ ಬೋಯರ್ಸ್ ಬೈಬಲ್’ ಎಂಬ ಪುಸ್ತಕಮಾಲೆಯ ಮೊದಲ ಸಂಪುಟ ಹೊರಬಂದ ಮೇಲೆ. ಯೂ ಮರವೋ ಓಸೇಜೋ ಇಲ್ಲದೆ ಬಿಲ್ಲೇ ಇಲ್ಲ ಎಂಬ ಮಡಿಯನ್ನು ಟಿಮ್ ಬೇಕರ್, ಪಾಲ್ ಕಾಮ್‌ಸ್ಟಾಕ್ ಮೊದಲಾದವರು ಮುರಿದರು. ತೋಳನ್ನು ಅಗಲ ಮಾಡಿದರೆ ಬಡ ಮರವೂ ಒಳ್ಳೆಯ ಬಿಲ್ಲಾಗುತ್ತದೆ, ಹಾರ್ಡ್‌ವೇರ್ ಅಂಗಡಿಯ ಕೆಂಪು ಓಕ್ ಹಲಗೆಯಲ್ಲೂ ಆಗುತ್ತದೆ ಎಂದು ಮಾಡಿ ತೋರಿಸಿದರು. ಅಂಗಡಿಗೆ ಹೋದವರು ಹಲಗೆಗಳ ರಾಶಿ ಕೆದಕಿ, ಎಳೆ ತುದಿಯಿಂದ ತುದಿಗೆ ಓಡುವ ಒಂದನ್ನು ಹುಡುಕಬೇಕು. ಅಂಗಡಿಯವನ ಮುಖ ಆಗ ನೋಡುವಂತಿರುತ್ತದೆ.

ಅಮೆರಿಕದ ಆ ಭಾಗದಲ್ಲಿ ಮಗನೋ ಮಗಳೋ ಇದ್ದು, ಬೇಸಿಗೆಗೆ ಬನ್ನಿ ಎಂದು ಕರೆದರೆ, ನಯಾಗರ ನೋಡಿ ಮುಗಿಸಿದವರು ಇಂಥದ್ದೊಂದು ಕೂಟವನ್ನೂ ವಿಚಾರಿಸಿ ನೋಡಿ. ಕೈಯಲ್ಲಿ ಒಂದು ಓಕ್ ಹಲಗೆ, ಒಂದು ಅರ, ತಲೆಗೊಂದು ಟೋಪಿ ಇದ್ದರೆ ಸಾಕು. ಬರುವಾಗ ಮಾತ್ರ ಹಸಿ ಕಟ್ಟಿಗೆಯನ್ನು ಚೀಲಕ್ಕೆ ತುರುಕಬೇಡಿ, ಸಸ್ಯ ತಪಾಸಣೆಯ ದಾಖಲೆಯಿಲ್ಲದ ಮರವನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ತಡೆಹಿಡಿಯುತ್ತಾರೆ. ಬಿಲ್ಲನ್ನು ಅಲ್ಲೇ ಮೊಮ್ಮಗಳ ಕೈಗೆ ಕೊಟ್ಟು ಬನ್ನಿ.