ನೋವಿಲ್ಲದೆ ಬೆಳೆಯುವ ರೋಗ: ಸಕ್ಕರೆ ಕಾಯಿಲೆ ಮತ್ತು ಹೃದಯ



ಸಾವಿನ ಮನೆಗೆ ಸಾಂತ್ವನ ಹೇಳಲು ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ಫಾದರ್, ಅವರಿಗೆ ಒಂದು ದಿನವೂ ಎದೆನೋವು ಬಂದಿರಲಿಲ್ಲ. ಸ್ವಲ್ಪ ಸಕ್ಕರೆ ಇತ್ತು, ಅಷ್ಟೇ.” ಈ ‘ಅಷ್ಟೇ’ ಎಂಬ ಮಾತಿನ ಬಗ್ಗೆ ಇಂದು ಸ್ವಲ್ಪ ಯೋಚಿಸೋಣ. ಸಕ್ಕರೆ ಕಾಯಿಲೆ ಒಂದು, ಹೃದಯದ ಕಾಯಿಲೆ ಇನ್ನೊಂದು ಎಂದು ನಾವು ಎಣಿಸುತ್ತೇವೆ. ಆದರೆ ನಮ್ಮ ದೇಹ ಹಾಗೆ ಎಣಿಸುವುದಿಲ್ಲ.

1998ರಲ್ಲಿ ಫಿನ್ಲೆಂಡ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿ ಏಳು ವರ್ಷಗಳ ಕಾಲ ಜನರನ್ನು ಗಮನಿಸಿದ್ದರು. ಹಿಂದೆ ಒಮ್ಮೆಯೂ ಹೃದಯಾಘಾತವಾಗಿರದ ಮಧುಮೇಹಿಗಳಲ್ಲಿ 100ಕ್ಕೆ ಸುಮಾರು 20 ಮಂದಿಗೆ ಹೃದಯಾಘಾತವಾಯಿತು. ಮಧುಮೇಹವಿಲ್ಲದ, ಆದರೆ ಮೊದಲೇ ಒಂದು ಹೃದಯಾಘಾತವಾಗಿದ್ದವರಲ್ಲಿ ಈ ಸಂಖ್ಯೆ ಸುಮಾರು 19. ಎರಡೂ ಇಲ್ಲದವರಲ್ಲಿ 4ಕ್ಕಿಂತ ಕಡಿಮೆ. ಎಲ್ಲ ಮಧುಮೇಹಿಗಳಿಗೂ ಅಪಾಯ ಒಂದೇ ಸಮನಾಗಿಲ್ಲ, ಕಾಯಿಲೆ ಹಳೆಯದಾದಷ್ಟೂ ಅಪಾಯ ಹೆಚ್ಚು ಎಂದು ನಂತರದ ಅಧ್ಯಯನಗಳು ತಿಳಿಸಿವೆ. ಆದರೂ ‘ಅಷ್ಟೇ’ ಎನ್ನುವ ಹಾಗಿಲ್ಲ ಎಂಬುದು ಸ್ಪಷ್ಟ.

ಹಾಗಾದರೆ ಒಳಗೆ ನಡೆಯುವುದೇನು? ಮೂರು ಹಂತಗಳಲ್ಲಿ ನೋಡೋಣ.

ಮೊದಲನೆಯದು, ಒಳಪೊರೆಗೆ ಆಗುವ ಹಾನಿ. ಹೃದಯಕ್ಕೆ ರಕ್ತ ಕೊಡುವ ನಾಳಗಳ ಒಳಗೆ ನುಣುಪಾದ, ತೆಳುವಾದ ಪೊರೆ ಇದೆ. ಹೆಚ್ಚಿದ ಸಕ್ಕರೆ, ಬಿ.ಪಿ., ಕೆಟ್ಟ ಕೊಲೆಸ್ಟರಾಲ್, ತಂಬಾಕು ಇವೆಲ್ಲ ಸೇರಿ ಆ ಪೊರೆಯನ್ನು ಕೆಡಿಸುತ್ತವೆ. ಅಲ್ಲಿಂದ ಕೊಬ್ಬು ಗೋಡೆಯೊಳಗೆ ನುಗ್ಗುತ್ತದೆ. ವೈದ್ಯರು “ನಿಮಗೆ ಸಕ್ಕರೆ ಇದೆ” ಎಂದು ಹೇಳುವುದಕ್ಕೆ ವರ್ಷಗಳ ಮೊದಲೇ ಈ ಕೆಲಸ ಶುರುವಾಗಿರಬಹುದು.

ಎರಡನೆಯದು, ನಾಳ ಕಿರಿದಾಗುವುದು. ಕೊಬ್ಬು ತುಂಬಿದರೂ ಮೊದಮೊದಲು ನಾಳದ ಗೋಡೆ ಹೊರಕ್ಕೆ ಹಿಗ್ಗುತ್ತದೆ. ರಕ್ತದ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ನಾಳ ಆರೋಗ್ಯವಾಗಿದೆ ಎಂದಲ್ಲ. ಮಧುಮೇಹಿಗಳಲ್ಲಿ ಇನ್ನೊಂದು ತೊಡಕಿದೆ. ರೋಗ ಒಂದೇ ಜಾಗದಲ್ಲಿ ನಿಲ್ಲದೆ ಹಲವು ನಾಳಗಳಲ್ಲಿ, ಉದ್ದಕ್ಕೂ, ಸಣ್ಣ ಕವಲುಗಳವರೆಗೂ ಹರಡುವುದು ಸಾಮಾನ್ಯ. ಹಲವು ನಾಳಗಳು ಕಿರಿದಾಗಿದ್ದ 1,900 ಮಧುಮೇಹಿಗಳ ಬಗ್ಗೆ 2012ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಸಾವು, ಹೃದಯಾಘಾತ, ಪಾರ್ಶ್ವವಾಯು ಮೂರನ್ನೂ ಒಟ್ಟಿಗೆ ಎಣಿಸಿದಾಗ ಐದು ವರ್ಷಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ 100ಕ್ಕೆ ಸುಮಾರು 27 ಮಂದಿಗೆ, ಬೈಪಾಸ್ ಆದವರಲ್ಲಿ ಸುಮಾರು 19 ಮಂದಿಗೆ ಇವುಗಳಲ್ಲಿ ಒಂದು ಬಂದಿತ್ತು. ಇಂಥವರಿಗೆ ವೈದ್ಯರು ಬೈಪಾಸ್ ಸೂಚಿಸಿದರೆ ಅದಕ್ಕೆ ಕಾರಣವಿದೆ.

ಮೂರನೆಯದು, ಹೆಪ್ಪುಗಟ್ಟುವಿಕೆ. ಡೆಂಗ್ಯೂ ಬಂದಾಗ ನಾವು ಎಣಿಸುವ ಪ್ಲೇಟ್‌ಲೆಟ್‌ಗಳು ಮಧುಮೇಹಿಗಳಲ್ಲಿ ಬೇಗ ಅಂಟಿಕೊಳ್ಳುತ್ತವೆ. ಗೋಡೆಯ ಕೊಬ್ಬಿನ ಪದರ ಒಂದು ದಿನ ಬಿರುಕು ಬಿಟ್ಟರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದೇ ಹೃದಯಾಘಾತ.

ಇಷ್ಟೆಲ್ಲ ಆದರೂ ನೋವೇಕೆ ಇಲ್ಲ? ಬಹಳ ವರ್ಷ ಸಕ್ಕರೆ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಪಾದದ ಗಾಯ ಗೊತ್ತಾಗದ ಹಾಗೆ ಹೃದಯದ ನೋವೂ ಗೊತ್ತಾಗದೆ ಹೋಗಬಹುದು. ಆಗ ಹೃದಯ ಬೇರೆ ರೀತಿಯಲ್ಲಿ ಕೂಗುತ್ತದೆ: ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು, ತಣ್ಣನೆಯ ಬೆವರು, ವಾಂತಿ, ಎಂದೂ ಇಲ್ಲದ ಸುಸ್ತು, ದವಡೆ ಅಥವಾ ಭುಜದ ನೋವು. ಮನೆಯ ತಾಯಂದಿರಲ್ಲಿ ಇಂಥ ಲಕ್ಷಣಗಳನ್ನು ಕೆಲಸದ ಆಯಾಸವೆಂದು ತಳ್ಳಿಹಾಕುವುದು ಸುಲಭ. ದಯವಿಟ್ಟು, ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಸಕ್ಕರೆ ಇರುವವರೆಲ್ಲ ಆಂಜಿಯೋಗ್ರಾಂ ಮಾಡಿಸಬೇಕೇ? ಬೇಕಿಲ್ಲ. ಯಾವ ಲಕ್ಷಣವೂ ಇಲ್ಲದ ಮಧುಮೇಹಿಗಳಿಗೆ ಹೃದಯದ ಸ್ಕ್ಯಾನ್ ಮಾಡಿಸಿದರೂ ಮಾಡಿಸದಿದ್ದರೂ ಸುಮಾರು ಐದು ವರ್ಷಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದು 2009ರ ಒಂದು ಅಧ್ಯಯನ ತೋರಿಸಿತು. ಪ್ರಯೋಜನ ಸಿಕ್ಕಿದ್ದು ಬೇರೊಂದು ಕಡೆ. ಡೆನ್ಮಾರ್ಕ್‌ನಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದ 160 ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಮೂರಕ್ಕೂ ಬಿಗಿಯಾದ ಚಿಕಿತ್ಸೆ, ಜೊತೆಗೆ ಆಹಾರದ ಪಥ್ಯ, ವ್ಯಾಯಾಮ, ಧೂಮಪಾನ ಬಿಡಲು ನೆರವು. ಸುಮಾರು ಎಂಟು ವರ್ಷಗಳಲ್ಲಿ ಎರಡನೇ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆ ಸುಮಾರು ಅರ್ಧಕ್ಕೆ ಇಳಿಯಿತು. 21 ವರ್ಷಗಳ ನಂತರ, 2016ರಲ್ಲಿ ಲೆಕ್ಕ ಹಾಕಿದಾಗ ಆ ಗುಂಪಿನವರು ಸುಮಾರು ಎಂಟು ವರ್ಷ ಹೆಚ್ಚು ಬದುಕಿದ್ದರು.

ಎಂಟು ವರ್ಷ! ಒಬ್ಬ ಮಗಳ ಮದುವೆ, ಒಬ್ಬ ಮೊಮ್ಮಗನ ಮೊದಲ ಪರಮಪ್ರಸಾದ ಅಷ್ಟರಲ್ಲಿ ಬರುತ್ತದೆ.

ಆದ್ದರಿಂದ ಪ್ರಿಯರೇ, ಸಕ್ಕರೆಯೊಂದನ್ನೇ ನೋಡಿ ಸುಮ್ಮನಾಗಬೇಡಿ. ಬಿ.ಪಿ., ಕೊಲೆಸ್ಟರಾಲ್, ಮೂತ್ರದ ಪ್ರೋಟೀನ್ ಇವುಗಳನ್ನೂ ವೈದ್ಯರು ಹೇಳಿದ ಕಾಲಕ್ಕೆ ಪರೀಕ್ಷಿಸಿಕೊಳ್ಳಿ. ರಿಪೋರ್ಟ್ ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸಬೇಡಿ. ಅದು ಚೆನ್ನಾಗಿರುವುದೇ ಮಾತ್ರೆಯಿಂದ ಇರಬಹುದು. ಬೀಡಿ, ಸಿಗರೇಟು ಬಿಡಿ. ದಿನಾಲೂ ನಡೆಯಿರಿ. ಹಬ್ಬದ ದಿನ ಬಂದವರ ತಟ್ಟೆಗೆ “ಇವತ್ತೊಂದು ದಿನ ತಾನೇ” ಎಂದು ಕಜ್ಜಾಯ, ಕೇಕ್ ಬಲವಂತವಾಗಿ ಬಡಿಸುವುದು ಪ್ರೀತಿಯಲ್ಲ. ಮುಖ್ಯವಾಗಿ, “ನೋವು ಬಂದಾಗ ನೋಡೋಣ” ಎನ್ನಬೇಡಿ. ಈ ರೋಗದಲ್ಲಿ ನೋವು ಬಾರದೆಯೂ ಇರಬಹುದು.