ಒಂದು ಕಳಸೆ ಹೇಳುವ ಇತಿಹಾಸ

ನಮ್ಮ ಪಠ್ಯಪುಸ್ತಕದಲ್ಲಿ ಅರಸರ ಹೆಸರುಗಳಿವೆ, ಯುದ್ಧಗಳ ಇಸವಿಗಳಿವೆ. ಗದ್ದೆ ಉತ್ತವರು, ಬುಟ್ಟಿ ಹೆಣೆದವರು, ಭತ್ತ ಕುಟ್ಟಿದವರು ಹೇಗೆ ಬದುಕಿದರು ಎಂದು ತಿಳಿಯಲು ಬೇರೆ ಕಡೆ ಹೋಗಬೇಕು. ಅಂಥ ಒಂದು ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಬಂಟ್ವಾಳ ತಾಲೂಕಿನ ಬಿ.ಸಿ. ರೋಡ್ ಬಳಿಯ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತು ಸಂಗ್ರಹಾಲಯವೇ ಅದು. ಇತಿಹಾಸ ಪ್ರಾಧ್ಯಾಪಕ ಡಾ. ತುಕಾರಾಮ ಪೂಜಾರಿಯವರು ಹಳ್ಳಿಯ ಮನೆಗಳಲ್ಲಿ ಬಳಕೆ ತಪ್ಪಿದ ಬೇಸಾಯದ ಸಲಕರಣೆ, ಅಡುಗೆಮನೆಯ ಪಾತ್ರೆ ಮುಂತಾದವನ್ನು ಕೂಡಿಸಿ ಇದನ್ನು ಕಟ್ಟಿದ್ದಾರೆ.

ವಸ್ತುವಿನಿಂದ ಇತಿಹಾಸ ಓದುವುದು ಹೇಗೆ? ಕಳಸೆಯನ್ನೇ ತೆಗೆದುಕೊಳ್ಳಿ. ಅದು ಅಕ್ಕಿ, ಭತ್ತ ಅಳೆಯುವ ಪಾತ್ರೆ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು ಉರುಟಾಗಿ ಮುಡಿ ಕಟ್ಟುತ್ತಿದ್ದರು. ನಮ್ಮ ಮಳೆಗಾಲದ ತೇವದಲ್ಲೂ ಅಕ್ಕಿ ಕೆಡದಂತೆ ಉಳಿಸಲು ಅದೇ ಉಪಾಯ.

ಗೇಣಿಯನ್ನು ಕೊಡುತ್ತಿದ್ದದ್ದೂ ಮುಡಿ ಲೆಕ್ಕದಲ್ಲೇ. ಮೂಲಗೇಣಿಯವರಿಗೆ ಜಮೀನಿನ ಮೇಲೆ ಶಾಶ್ವತ ಹಕ್ಕಿತ್ತು, ಚಾಲಗೇಣಿಯವರಿಗೆ ಆ ಭದ್ರತೆ ಇರಲಿಲ್ಲ. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದರಲ್ಲಿ ಆಟಿ ತಿಂಗಳು ದಾಟಿಸುವುದೇ ಕಷ್ಟವಾಗಿತ್ತು ಎಂದು ಅಜ್ಜಿ ಈಗಲೂ ಹೇಳುತ್ತಾರೆ. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಉಳುವವರಿಗೇ ಭೂಮಿ ಸಿಗುವ ದಾರಿಯಾಯಿತು. ನಮ್ಮ ಮನೆಯ ನೆಲ ನಮ್ಮದಾದದ್ದು ಹಾಗೆ. ಇಷ್ಟೆಲ್ಲ ಕಥೆ ಒಂದು ಕಳಸೆಯ ಸುತ್ತ ಇದೆ.

ಆದರೆ ಕಳಸೆ ತಾನಾಗಿ ಮಾತಾಡುವುದಿಲ್ಲ. ಅದರ ಹೆಸರು, ಬಳಕೆ ಬಲ್ಲವರು ಹೇಳದಿದ್ದರೆ ಅದು ಗುಜರಿ ಅಂಗಡಿಯ ಸಾಮಾನು ಅಷ್ಟೇ. ಮುಡಿ ಕಟ್ಟಲು ಬರುವವರು ಇಂದು ಊರಿಗೆ ಒಬ್ಬರು ಸಿಕ್ಕರೆ ಹೆಚ್ಚು. ಅವರ ನಂತರ ಕೇಳುವುದು ಯಾರನ್ನು?

ಹಾಗಾಗಿ ಸಹಪಾಠಿಗಳಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ನಿಮ್ಮ ಮನೆಯ ಅಟ್ಟದಲ್ಲಿರುವ ಒಂದು ಹಳೆಯ ವಸ್ತುವನ್ನು ಕೆಳಗಿಳಿಸಿ. ಬ್ಯಾರಿ, ತುಳು, ಉರ್ದು, ಕೊಂಕಣಿ, ನಿಮ್ಮ ಮನೆಮಾತು ಯಾವುದೋ ಅದರಲ್ಲಿ ಅದರ ಹೆಸರೇನು? ಮಾಡಿದವರು ಯಾರು, ಬಳಸಿದವರು ಯಾರು, ಬಳಕೆ ನಿಂತದ್ದು ಯಾವಾಗ, ಏಕೆ? ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ವಸ್ತುವನ್ನು ಮುಂದೆಯೂ ಯಾರಾದರೂ ಸಂಗ್ರಹಿಸಬಹುದು. ಅದರ ಕಥೆಯನ್ನು ಈಗಲೇ ಕೇಳಿಕೊಳ್ಳಬೇಕು.